ಗಣಕದೊಳಗಿನ ಗಣಕಕ್ಕೆ ಕಡತ ಕಾಣದಾದಾಗ

ಬೆಳಗಾವಿ ನಗರದ ಮುದ್ರಣಾಲಯಗಳಲ್ಲಿಯೂ ಅಲ್ಲಿಂದ ಗೋವಾ ದಾರಿಯಲ್ಲಿ ಸುಮಾರು 25 ಕಿ.ಮೀ. ದೂರದ ಖಾನಾಪುರದ ಡಿಟಿಪಿ ಕೇಂದ್ರಗಳಲ್ಲಿಯೂ ಕನ್ನಡ, ಮರಾಠಿ, ಇಂಗ್ಲಿಷ್ ಈ ಮೂರು ಭಾಷೆಗಳ ಅಕ್ಷರಜೋಡಣೆ ಒಂದೇ ಮೇಜಿನ ಮೇಲೆ ನಡೆಯುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಂಗಡಿಯ ಬಿಲ್ ಬುಕ್, ಪತ್ತಿನ ಸಹಕಾರ ಸಂಘದ ವಾರ್ಷಿಕ ವರದಿ ಮುಂತಾದವು ಈ ವೃತ್ತಿಯ ನಿತ್ಯದ ಕೆಲಸಗಳಾಗಿದ್ದು, ಇವುಗಳಲ್ಲಿ ಹೆಚ್ಚಿನವನ್ನು ಪ್ರತಿ ಸಲ ಹೊಸದಾಗಿ ಜೋಡಿಸುವ ವಾಡಿಕೆಯಿಲ್ಲ. ಹಿಂದಿನ ವರ್ಷದ ಕಡತವನ್ನೇ ತೆರೆದು, ಹೆಸರು, ತಾರೀಖು, ಜಮಾಖರ್ಚಿನ ಅಂಕಿಗಳನ್ನು ತಿದ್ದಿ ಅಚ್ಚಿಗೆ ಕಳುಹಿಸಲಾಗುತ್ತದೆ. ಸಹಕಾರ ಸಂಘಗಳು ಸೆಪ್ಟೆಂಬರ್ ಮುಗಿಯುವುದರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕಾಗಿರುವುದರಿಂದ ಆಗಸ್ಟ್ ಬಂತೆಂದರೆ ಹಲವು ವರ್ಷ ಹಳೆಯ ವಿನ್ಯಾಸಗಳಿಗೆ ಮತ್ತೆ ಕೆಲಸ ಬೀಳುತ್ತದೆ. ಆ ಕಡತಗಳು ತೆರೆಯಬೇಕಾದರೆ ಅವು ಹುಟ್ಟಿದ ಕಾಲದ ತಂತ್ರಾಂಶವೂ ಬೇಕು, ಆ ತಂತ್ರಾಂಶ ತಕರಾರಿಲ್ಲದೆ ನಡೆಯುವಂಥ ಹಳೆಯ ವಿಂಡೋಸೂ ಬೇಕು.

ಈ ಹಳೆಯ ಕಡತಗಳ ಕಾಲದಲ್ಲಿ ಪುಟವಿನ್ಯಾಸಕ್ಕೆ ಬಳಕೆಯಲ್ಲಿದ್ದದ್ದು ಮುಖ್ಯವಾಗಿ ಪೇಜ್‌ಮೇಕರ್. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದ, 1994ರಲ್ಲಿ ಅಡೋಬಿಯ ಕೈಸೇರಿದ ಈ ತಂತ್ರಾಂಶದ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತ ಗೊತ್ತಿಲ್ಲ. ಆದ್ದರಿಂದ ಕನ್ನಡಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರ ಬರಹ, ಕನ್ನಡ ಮರಾಠಿಗಳೆರಡಕ್ಕೂ ಪುಣೆಯ ಶ್ರೀಲಿಪಿ, ಹೀಗೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಥವಾ ದೇವನಾಗರಿಯ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ಬಳಸಲಾಯಿತು. ಅಂಥ ಫಾಂಟು ಇಲ್ಲದ ಗಣಕದಲ್ಲಿ ಆ ಕಡತ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಇತ್ತ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿ ದೊರೆಯುವುದರಿಂದ ಬಹಳ ಹಳೆಯ 16 ಬಿಟ್ ತಂತ್ರಾಂಶಗಳು ಅದರಲ್ಲಿ ನಡೆಯುವುದೇ ಇಲ್ಲ. ಹೊಸ ಗಣಕ ಕೊಳ್ಳಲೇಬೇಕು, ಹಳೆಯ ಕೆಲಸವನ್ನೂ ಬಿಡುವಂತಿಲ್ಲ ಎಂಬ ಈ ಇಕ್ಕಟ್ಟಿನಲ್ಲಿ ನೆರವಿಗೆ ಬರುವುದು ವರ್ಚುವಲ್ ಮಷಿನ್.

ಒಂದು ಗಣಕದೊಳಗೆ ತಂತ್ರಾಂಶದ ಬಲದಿಂದಲೇ ಇನ್ನೊಂದು ಗಣಕವನ್ನು ಸೃಷ್ಟಿಸಿ, ಅದಕ್ಕೆ ತನ್ನದೇ ಆದ ಡಿಸ್ಕ್, ಸ್ಮೃತಿ ಮತ್ತು ನೆಟ್‌ವರ್ಕ್ ಕಾರ್ಡ್ ಇರುವಂತೆ ತೋರಿಸಿ, ಅದರ ಮೇಲೆ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವ ಏರ್ಪಾಡಿಗೆ ಈ ಹೆಸರು. ಹೊರಗಿನ ನಿಜವಾದ ಗಣಕವನ್ನು ಆತಿಥೇಯ ಎಂದೂ ಒಳಗಿನದನ್ನು ಅತಿಥಿ ಎಂದೂ ಕರೆಯುವುದು ರೂಢಿ. ಈ ತಂತ್ರ ಹೊಸದೇನಲ್ಲ. ಐಬಿಎಂ ಕಂಪನಿ 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ವಿಎಂ/370 ಎಂಬ ಇಂಥ ವ್ಯವಸ್ಥೆಯನ್ನು ಕೊಟ್ಟಿತ್ತು. ಸಾಮಾನ್ಯ ಮೇಜುಗಣಕಗಳಲ್ಲಿ ಇದನ್ನು ಉಚಿತವಾಗಿ ಸಾಧ್ಯವಾಗಿಸಿದ ತಂತ್ರಾಂಶಗಳಲ್ಲಿ 2007ರಲ್ಲಿ ಬಂದ, ಈಗ ಒರಾಕಲ್ ಕಂಪನಿಯ ಒಡೆತನದಲ್ಲಿರುವ ವರ್ಚುವಲ್‌ಬಾಕ್ಸ್ ಹೆಚ್ಚು ಪರಿಚಿತವಾದದ್ದು. ಹೊಸ ಗಣಕದ ಮೇಲೆ ವಿಂಡೋಸ್ 11, ಅದರ ಒಂದು ಕಿಟಕಿಯೊಳಗೆ ಎಕ್ಸ್‌ಪಿ, ಎಕ್ಸ್‌ಪಿಯೊಳಗೆ ಪೇಜ್‌ಮೇಕರ್ ಮತ್ತು ನುಡಿ: ಇಲ್ಲಿಯವರೆಗೆ ಎಲ್ಲವೂ ಸಲೀಸು. ತೊಡಕು ಶುರುವಾಗುವುದು ಹೊರಗಿನ ಡಿಸ್ಕಿನಲ್ಲಿರುವ ಹಳೆಯ ಕಡತವನ್ನು ಒಳಗಿನ ಎಕ್ಸ್‌ಪಿಗೆ ತಲುಪಿಸಬೇಕಾದಾಗ, ಅಥವಾ ಒಳಗೆ ಸಿದ್ಧವಾದ ಪುಟವನ್ನು ಪಕ್ಕದ ಮೇಜಿನ ಗಣಕಕ್ಕೆ ಕೊಡಬೇಕಾದಾಗ.

ಕಡತ ಹಂಚಿಕೆಗೆ ಇಲ್ಲಿ ಸ್ವಭಾವತಃ ಬೇರೆಯಾದ ಎರಡು ದಾರಿಗಳಿದ್ದು, ಮೇಲ್ನೋಟಕ್ಕೆ ಅವು ಒಂದೇ ಎಂಬಂತೆ ಕಾಣುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಮೊದಲನೆಯದು ವರ್ಚುವಲ್‌ಬಾಕ್ಸ್ ತಾನೇ ಒದಗಿಸುವ ಶೇರ್ಡ್ ಫೋಲ್ಡರ್ ಸೌಲಭ್ಯ. ಆತಿಥೇಯ ಗಣಕದ ಒಂದು ಫೋಲ್ಡರನ್ನು ಸೂಚಿಸಿ, ಅತಿಥಿಯೊಳಗೆ ಗೆಸ್ಟ್ ಅಡಿಶನ್ಸ್ ಎಂಬ ಪೂರಕ ತಂತ್ರಾಂಶವನ್ನು ಹಾಕಿದರೆ ಆ ಫೋಲ್ಡರ್ ಒಳಗೂ ತೆರೆದುಕೊಳ್ಳುತ್ತದೆ. ಇದರಲ್ಲಿ ನೆಟ್‌ವರ್ಕಿನ ಪಾತ್ರವೇ ಇಲ್ಲ; ಕೇಬಲ್ ಕಿತ್ತರೂ, ರೂಟರ್ ಆರಿಸಿದರೂ ಇದು ನಡೆಯುತ್ತದೆ. ಆದರೆ ಎಕ್ಸ್‌ಪಿ ಅದನ್ನು ‘ಮೈ ನೆಟ್‌ವರ್ಕ್ ಪ್ಲೇಸಸ್’ ಎಂಬಲ್ಲಿ ವಿಬಾಕ್ಸ್‌ಎಸ್‌ವಿಆರ್ ಎಂಬ ಸರ್ವರಿನ ಹೆಸರಿನಲ್ಲಿ ತೋರಿಸುವುದರಿಂದ, ಅದು ಕಾಣದಾದಾಗ ರಿಪೇರಿಗೆ ಬಂದವರು ರೂಟರಿನ ಕಡೆಗೆ ನಡೆಯುತ್ತಾರೆ. ವಾಸ್ತವದಲ್ಲಿ ಇಂಥ ಸಂದರ್ಭದಲ್ಲಿ ನೋಡಬೇಕಾದದ್ದು ಎರಡೇ ಸಂಗತಿ: ಗೆಸ್ಟ್ ಅಡಿಶನ್ಸ್ ಸರಿಯಾಗಿ ಕೂತಿದೆಯೇ, ಸೂಚಿಸಿದ ಫೋಲ್ಡರ್ ಆತಿಥೇಯ ಗಣಕದಲ್ಲಿ ಅದೇ ಜಾಗದಲ್ಲಿದೆಯೇ ಎಂಬುದು. ಒಂದೇ ಗಣಕದೊಳಗಿನ ಕೊಡುಕೊಳೆಗೆ ಈ ದಾರಿಯೇ ಸಾಕು. ಇದನ್ನು ಬಿಟ್ಟು ಎರಡನೆಯದಕ್ಕೆ ಕೈ ಹಾಕುವ ಅಗತ್ಯ ಬಹುಪಾಲು ಅಂಗಡಿಗಳಿಗೆ ಇರುವುದೇ ಇಲ್ಲ.

ಎರಡನೆಯದು ನಿಜವಾದ ನೆಟ್‌ವರ್ಕ್ ಹಂಚಿಕೆ. ಅಂಗಡಿಯ ಮೂರು ನಾಲ್ಕು ಗಣಕಗಳು ಒಂದೇ ಫೋಲ್ಡರನ್ನು ಬಳಸಬೇಕಾದಾಗ, ಅವುಗಳಲ್ಲೊಂದು ವರ್ಚುವಲ್ ಆಗಿದ್ದಾಗ ಇದು ಬೇಕಾಗುತ್ತದೆ. ಇದರ ಹಿಂದಿರುವ ಸಂವಾದ ನಿಯಮಾವಳಿಗೆ, ಎಂದರೆ ಒಂದು ಗಣಕ ಇನ್ನೊಂದರಿಂದ ಕಡತವನ್ನು ಯಾವ ಕ್ರಮದಲ್ಲಿ ಕೇಳಬೇಕು, ಅದು ಹೇಗೆ ಉತ್ತರಿಸಬೇಕು ಎಂಬ ಒಪ್ಪಂದಕ್ಕೆ, ಎಸ್‌ಎಂಬಿ ಎಂದು ಹೆಸರು. 1980ರ ದಶಕದ ಮೊದಲರ್ಧದಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ಇದನ್ನು ರೂಪಿಸಿದರು. ಮೈಕ್ರೋಸಾಫ್ಟ್ ಇದನ್ನು ಬೆಳೆಸಿ ವಿಂಡೋಸಿನ ಭಾಗವಾಗಿಸಿತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಬರೆಯತೊಡಗಿದ ಸಾಂಬಾ ತಂತ್ರಾಂಶದಿಂದ ಲಿನಕ್ಸ್ ಗಣಕಗಳೂ ಇದೇ ಭಾಷೆಯಲ್ಲಿ ಮಾತನಾಡತೊಡಗಿದವು. ಈ ಹಂಚಿಕೆ ಕೈಕೊಟ್ಟಾಗ ವಿಂಡೋಸ್ ಕೊಡುವ ಉತ್ತರ ಹೆಚ್ಚಾಗಿ ಒಂದೇ: ನೆಟ್‌ವರ್ಕ್ ದಾರಿ ಸಿಗಲಿಲ್ಲ, ದೋಷಸಂಖ್ಯೆ 53. ವಿಳಾಸ ತಪ್ಪಿದ್ದರೂ ಇದೇ, ಫೈರ್‌ವಾಲ್ ತಡೆದಿದ್ದರೂ ಇದೇ, ಹಲವೊಮ್ಮೆ ಎರಡೂ ಕಡೆಯ ಎಸ್‌ಎಂಬಿ ಆವೃತ್ತಿಗಳು ಹೊಂದದಿದ್ದರೂ ಇದೇ. ಸಂದೇಶವನ್ನು ಅಕ್ಷರಶಃ ನಂಬಿ ದಾರಿಯನ್ನೇ ಹುಡುಕುತ್ತ ಕೂತರೆ ದಿನ ಹೋಗುತ್ತದೆ. ಕೆಳಗಿನ ಪದರದಿಂದ ಆರಂಭಿಸಿ, ಒಂದು ಪದರ ಖಚಿತವಾದ ಮೇಲೆ ಮುಂದಿನದಕ್ಕೆ ಹೋಗುತ್ತ, ಒಂದು ಸಲಕ್ಕೆ ಒಂದೇ ಸೆಟ್ಟಿಂಗನ್ನು ಬದಲಿಸುತ್ತ ಹೋಗುವುದೇ ಇಲ್ಲಿ ಫಲ ಕೊಡುವ ಕ್ರಮ. ಸಿಕ್ಕದ್ದನ್ನೆಲ್ಲ ಒಟ್ಟಿಗೆ ಬದಲಿಸಿ ಹೇಗೋ ಸರಿಹೋದರೆ, ಮುಂದಿನ ಸಲ ಕೆಟ್ಟಾಗ ಯಾವುದರಿಂದ ಸರಿಹೋಗಿತ್ತೆಂಬುದು ತಿಳಿಯುವುದಿಲ್ಲ.

ಕೆಳಗಿನ ಪದರವೆಂದರೆ ಅತಿಥಿ ಗಣಕ ಯಾವ ಜಾಲದಲ್ಲಿದೆ ಎಂಬುದು. ವರ್ಚುವಲ್‌ಬಾಕ್ಸ್ ತಾನಾಗಿಯೇ ಆಯ್ದುಕೊಳ್ಳುವ ವಿಧಾನಕ್ಕೆ ನ್ಯಾಟ್ ಎಂದು ಹೆಸರು. ಇದರಲ್ಲಿ ಅತಿಥಿಯ ಎಲ್ಲ ವ್ಯವಹಾರವೂ ಆತಿಥೇಯ ಗಣಕದ ಹೆಸರಿನಲ್ಲಿಯೇ ಹೊರಗೆ ಹೋಗುತ್ತದೆ. ಹಳೆಯ ದೇಸಾಯರ ವಾಡೆಯಲ್ಲಿ ಒಳಗಿನವರು ದೇವಡಿಯನ್ನು ದಾಟಿ ಪೇಟೆಗೆ ಹೋಗಿಬರಬಹುದಾಗಿದ್ದರೂ ಹೊರಗಿನವರಿಗೆ ಕಾಣುತ್ತಿದ್ದದ್ದು ದೇವಡಿಯೊಂದೇ ಆಗಿತ್ತಲ್ಲ, ಬಹುಮಟ್ಟಿಗೆ ಹಾಗೆಯೇ ಇಲ್ಲಿ ಅತಿಥಿ ಹೊರಗಿನ ಫೋಲ್ಡರನ್ನು ಕೇಳಬಲ್ಲದು, ಆದರೆ ಅತಿಥಿಯೊಳಗಿನ ಫೋಲ್ಡರನ್ನು ಹೊರಗಿನವರು ಕೇಳಲಾರರು. ಈ ವಿಧಾನದಲ್ಲಿ ಅತಿಥಿಗೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ಸಿಗುತ್ತದೆ, ಅದೂ ಎಲ್ಲ ಗಣಕಗಳಲ್ಲಿಯೂ ಅದೇ. ಎರಡು ಮೇಜುಗಳ ಎರಡು ಎಕ್ಸ್‌ಪಿಗಳು ಒಂದೇ ವಿಳಾಸ ತೋರಿಸುವುದನ್ನು ಕಂಡು ವಿಳಾಸಗಳ ಘರ್ಷಣೆಯಾಗಿದೆ ಎಂದು ಗಾಬರಿಯಾಗುವವರಿದ್ದಾರೆ. ಘರ್ಷಣೆಯೇನೂ ಇಲ್ಲ, ಎರಡೂ ತಂತಮ್ಮ ಗಣಕದ ಒಳಗಷ್ಟೇ ಇವೆ. ಹೆಸರಿನಿಂದ ಗಣಕವನ್ನು ಹುಡುಕುವ ಹಳೆಯ ಪದ್ಧತಿ ಜಾಲದವರೆಲ್ಲರಿಗೂ ಕೂಗಿ ಕೇಳುವ ಬಗೆಯದಾದ್ದರಿಂದ, ಆ ಕೂಗು ನ್ಯಾಟನ್ನು ದಾಟುವುದಿಲ್ಲ. ಪಕ್ಕದ ಗಣಕದ ಹೆಸರು ಹಾಕಿದರೆ ಸಿಗದ ಫೋಲ್ಡರ್ ಅದರ ಐಪಿ ವಿಳಾಸ ಹಾಕಿದಾಗ ತೆರೆದುಕೊಂಡರೆ ಕಾರಣ ಇದೇ ಆಗಿರುವ ಸಂಭವ ಹೆಚ್ಚು.

ಹೊರಗಿನವರೂ ಅತಿಥಿಯನ್ನು ತಲುಪಬೇಕಾದರೆ ಬ್ರಿಡ್ಜ್ ವಿಧಾನ ಬೇಕು. ಇದರಲ್ಲಿ ಅತಿಥಿ ಗಣಕ ರೂಟರಿಗೆ ನೇರವಾಗಿ ಅರ್ಜಿ ಹಾಕಿ, ಅಂಗಡಿಯ ಇತರ ಗಣಕಗಳಂತೆಯೇ ಸ್ವಂತ ವಿಳಾಸ ಪಡೆಯುತ್ತದೆ. ಪಡೆದ ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ಉತ್ತರವೇ ಬಂದಿಲ್ಲ, ಗಣಕ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ಕೇಬಲ್ ಇರುವಲ್ಲಿ ಬ್ರಿಡ್ಜ್ ಚೆನ್ನಾಗಿ ನಡೆಯುತ್ತದೆ. ವೈಫೈನಲ್ಲಿ ಮಾತ್ರ ಅನೇಕ ಕಾರ್ಡುಗಳು ತಮ್ಮದಲ್ಲದ ಗುರುತಿನ ಸಂದೇಶಗಳನ್ನು ಸಾಗಿಸಲು ಒಪ್ಪದ ಕಾರಣ ಇದು ಆಗಾಗ ಕೈಕೊಡುತ್ತದೆ. ಮೂರನೆಯದಾದ ಹೋಸ್ಟ್-ಓನ್ಲಿ ವಿಧಾನದಲ್ಲಿ ಆತಿಥೇಯ ಮತ್ತು ಅತಿಥಿಗಳ ನಡುವೆ ಮಾತ್ರ 192.168.56 ಎಂದು ಆರಂಭವಾಗುವ ಖಾಸಗಿ ಜಾಲ ಏರ್ಪಡುತ್ತದೆ, ಇಂಟರ್ನೆಟ್ ಸಿಗುವುದಿಲ್ಲ. ಹತ್ತು ವರ್ಷಕ್ಕೂ ಹಿಂದೆ ಭದ್ರತಾ ತಿದ್ದುಪಡಿಗಳು ನಿಂತುಹೋದ ಎಕ್ಸ್‌ಪಿಗೆ ಇಂಟರ್ನೆಟ್ ಸಿಗದಿರುವುದೇ ಕ್ಷೇಮ.

ವಿಳಾಸ ಸರಿಯಿದೆ ಎಂದಾದ ಮೇಲೆ ಬರುವುದು ಫೈರ್‌ವಾಲ್. ಇಲ್ಲಿ ಬಹಳ ಜನ ನೆಚ್ಚಿಕೊಳ್ಳುವ ಪರೀಕ್ಷೆಯೆಂದರೆ ಪಿಂಗ್, ಎಂದರೆ ಆ ಗಣಕ ಇದೆಯೇ ಎಂದು ಕೇಳುವ ಚಿಕ್ಕ ಸಂದೇಶ. ಆದರೆ ವಿಂಡೋಸಿನ ಫೈರ್‌ವಾಲ್ ಅನೇಕ ಸಂದರ್ಭಗಳಲ್ಲಿ ಪಿಂಗಿಗೆ ಉತ್ತರಿಸುವುದನ್ನೇ ತಡೆಯುವುದರಿಂದ, ಉತ್ತರ ಬಾರದಿದ್ದರೆ ಗಣಕವೇ ಇಲ್ಲವೆಂದು ತೀರ್ಮಾನಿಸಲಾಗದು. ಉತ್ತರ ಬಂದ ಮಾತ್ರಕ್ಕೆ ಕಡತ ಹಂಚಿಕೆ ತೆರೆದಿದೆಯೆಂದೂ ಹೇಳಲಾಗದು. ಎಸ್‌ಎಂಬಿ ಬಳಸುವುದು 445ನೆಯ ಸಂಖ್ಯೆಯ ಪೋರ್ಟನ್ನು; ಪೋರ್ಟ್ ಎಂದರೆ ಒಂದೇ ಗಣಕಕ್ಕೆ ಬರುವ ಬೇರೆ ಬೇರೆ ಸೇವೆಗಳ ಸಂದೇಶಗಳನ್ನು ವಿಂಗಡಿಸಲು ಇಟ್ಟುಕೊಂಡಿರುವ ಸಂಖ್ಯೆ. ಎಕ್ಸ್‌ಪಿಯಲ್ಲಿ ಮೊದಲಿನಿಂದಲೇ ಇರುವ ಟೆಲ್ನೆಟ್ ಆದೇಶಕ್ಕೆ ಎದುರಿನ ಗಣಕದ ವಿಳಾಸವನ್ನೂ 445 ಎಂಬ ಸಂಖ್ಯೆಯನ್ನೂ ಕೊಟ್ಟರೆ, ಪರದೆ ಖಾಲಿಯಾಗಿ ಕರ್ಸರ್ ಮಿನುಗಿದಾಗ ದಾರಿ ತೆರೆದಿದೆ ಎಂದು ತಿಳಿಯಬಹುದು. ಬಹಳ ಹೊತ್ತು ಕಾಯಿಸಿ ಸಂಪರ್ಕ ಸಾಧ್ಯವಾಗಲಿಲ್ಲವೆಂದರೆ ನಡುವೆ ಏನೋ ತಡೆಯುತ್ತಿದೆ. ತಡೆಯುವುದು ಹೆಚ್ಚಾಗಿ ವಿಂಡೋಸಿನದೇ ಒಂದು ವರ್ಗೀಕರಣ. ಅದು ಪ್ರತಿಯೊಂದು ಜಾಲವನ್ನೂ ಖಾಸಗಿ ಅಥವಾ ಸಾರ್ವಜನಿಕ ಎಂದು ಗುರುತಿಸಿಕೊಂಡು, ಸಾರ್ವಜನಿಕ ಎಂದಾದಲ್ಲಿ ಹಂಚಿಕೆಯನ್ನು ಮುಚ್ಚಿಬಿಡುತ್ತದೆ. ಅಂಗಡಿಗೆ ಹೊಸ ರೂಟರ್ ಬಂದರೆ ಅದು ವಿಂಡೋಸಿನ ಲೆಕ್ಕದಲ್ಲಿ ಅಪರಿಚಿತ ಜಾಲ. ನಿನ್ನೆಯವರೆಗೆ ನಡೆದದ್ದು ರೂಟರ್ ಬದಲಾದ ದಿನವೇ ನಿಂತರೆ ಮೊದಲು ನೋಡಬೇಕಾದದ್ದು ಇದನ್ನು.

ಮಲೆನಾಡಿನ ಅಂಚಿನಲ್ಲಿರುವ ಖಾನಾಪುರ ತಾಲ್ಲೂಕಿನಲ್ಲಿ, ಅದರಲ್ಲೂ ಜಾಂಬೋಟಿ, ಕಣಕುಂಬಿಗಳ ಕಡೆಗೆ ಮಳೆಗಾಲದಲ್ಲಿ ಕರೆಂಟ್ ಹೋಗಿಬರುವುದು ಮಾಮೂಲು ಸಂಗತಿಯಾಗಿದ್ದು, ಅದಕ್ಕೂ ಕಡತ ಹಂಚಿಕೆಗೂ ನೇರ ಸಂಬಂಧವಿದೆ. ರೂಟರ್ ಪ್ರತಿ ಗಣಕಕ್ಕೆ ವಿಳಾಸವನ್ನು ಕಾಯಂ ಆಗಿ ಕೊಡದೆ ಅವಧಿಗೆ ಕೊಡುತ್ತದೆ. ಯುಪಿಎಸ್ ಇಲ್ಲದ ರೂಟರ್ ಆರಿ ಹೊತ್ತಿಕೊಂಡಾಗ ಸಾದಾ ಮಾದರಿಗಳಲ್ಲಿ ಹಳೆಯ ಪಟ್ಟಿ ಅಳಿಸಿಹೋಗಿ, ಹಿಂದೆ 192.168.1.5 ಆಗಿದ್ದ ಗಣಕ 192.168.1.8 ಆಗಿಬಿಡಬಹುದು. ಐಪಿ ವಿಳಾಸ ಹಾಕಿ ಮಾಡಿಟ್ಟ ಶಾರ್ಟ್‌ಕಟ್ ಆಗ ಇಲ್ಲದ ಗಣಕವನ್ನೋ ಬೇರೆಯದೇ ಗಣಕವನ್ನೋ ಹುಡುಕುತ್ತದೆ. ಇದಕ್ಕೆ ಪರಿಹಾರ ಸರಳ: ಫೋಲ್ಡರ್ ಇರುವ ಗಣಕಕ್ಕೆ ರೂಟರಿನಲ್ಲಿಯೇ ಒಂದು ವಿಳಾಸವನ್ನು ಕಾದಿರಿಸಬೇಕು. ಹಾಗೆ ಮಾಡದ ಅಂಗಡಿಗಳಲ್ಲಿ ಮಳೆಗಾಲದುದ್ದಕ್ಕೂ ಇದೇ ದೂರು, ಬೇಸಿಗೆಯಲ್ಲಿ ತಾನಾಗಿ ಮಾಯವಾಗುವ ಕಾಯಿಲೆಯೆಂಬಂತೆ ಮರುಕಳಿಸುತ್ತಿರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಎಕ್ಸ್‌ಪಿಗೆ ಫೋಲ್ಡರ್ ತೆರೆಯದಿದ್ದರೆ, ಬಹುಪಾಲು ಅದರ ಮೂಲ 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ದಾಳಿಯಲ್ಲಿದೆ. ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮೈಕ್ರೋಸಾಫ್ಟ್ ಅಳವಡಿಸಿದ್ದ ರೀತಿಯಲ್ಲಿದ್ದ ದೋಷವನ್ನು ಬಳಸಿ, ಯಾರೂ ಏನನ್ನೂ ಕ್ಲಿಕ್ ಮಾಡದೆಯೇ ಗಣಕದಿಂದ ಗಣಕಕ್ಕೆ ನುಸುಳಿ, ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಒತ್ತೆಹಣ ಕೇಳಿದ ಈ ದಾಳಿಯ ತೀವ್ರತೆ ಎಷ್ಟಿತ್ತೆಂದರೆ, ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ವಿಶೇಷ ತಿದ್ದುಪಡಿ ಬಿಡುಗಡೆ ಮಾಡಿತು. ಆ ಆವೃತ್ತಿಯನ್ನು ಕೈಬಿಡುವ ತಯಾರಿ ಅದಕ್ಕೆ ಮೊದಲೇ ನಡೆದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮುಂದಕ್ಕೆ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಎಸ್‌ಎಂಬಿ 1ರ ಸರ್ವರ್ ಭಾಗ ಇರುವುದಿಲ್ಲ. ಹೋಮ್ ಮತ್ತು ಪ್ರೊ ಆವೃತ್ತಿಗಳಲ್ಲಿ ಕೇಳುವ ಭಾಗವನ್ನು ಉಳಿಸಿಕೊಂಡರೂ ಗಣಕ ಚಾಲನೆಯಲ್ಲಿರುವ ಒಟ್ಟು 15 ದಿನ ಅದು ಬಳಕೆಯಾಗದಿದ್ದರೆ ತಾನೇ ಕಳಚಿಕೊಳ್ಳುವ ಏರ್ಪಾಡಾಯಿತು. ಎಕ್ಸ್‌ಪಿಗೋ ಎಸ್‌ಎಂಬಿ 1 ಬಿಟ್ಟು ಬೇರೆ ಗೊತ್ತಿಲ್ಲ; ಎರಡನೆಯ ಆವೃತ್ತಿ ಬಂದದ್ದೇ ವಿಸ್ಟಾದ ಜೊತೆಗೆ. ದೀಪಾವಳಿಗೆ ಅಂಗಡಿ ಮುಚ್ಚುವಾಗ ಸರಿಯಿದ್ದ ಹಂಚಿಕೆ ಕೆಲವು ವಾರಗಳ ನಂತರ ಯಾರೂ ಏನೂ ಮಾಡದೆ ನಿಂತುಹೋದದ್ದು ಹೇಗೆ ಎಂಬ ಪ್ರಶ್ನೆಗೆ ಹಲವು ಕಡೆ ಈ ಹದಿನೈದು ದಿನಗಳೇ ಉತ್ತರವಾಗಿದ್ದವು.

ವಿಂಡೋಸಿನ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಎಸ್‌ಎಂಬಿ 1ರ ಹೆಸರಿನ ಕೆಳಗೆ ಸರ್ವರ್, ಕ್ಲೈಂಟ್, ಸ್ವಯಂ ತೆಗೆದುಹಾಕುವಿಕೆ ಎಂಬ ಮೂರು ಚೌಕಗಳಿರುತ್ತವೆ. ಆತಿಥೇಯ ಗಣಕದ ಫೋಲ್ಡರನ್ನು ಎಕ್ಸ್‌ಪಿ ಕೇಳುವುದಾದರೆ ಸರ್ವರ್ ಭಾಗ ಬೇಕು, ಎಕ್ಸ್‌ಪಿಯ ಫೋಲ್ಡರನ್ನು ಆತಿಥೇಯ ಕೇಳುವುದಾದರೆ ಕ್ಲೈಂಟ್ ಸಾಕು. ಗುರುತು ಹಾಕಿ ಗಣಕವನ್ನು ಮತ್ತೆ ಚಾಲೂ ಮಾಡಿದರೆ ಹಂಚಿಕೆ ನಡೆಯುತ್ತದೆ ಎಂಬುದು ನಿಜ, ಆದರೆ ಅದು ಸಲಹೆಗೆ ಯೋಗ್ಯವಾದ ಪರಿಹಾರವಲ್ಲ; ಹಳೆಯ ಒಂದು ತಂತ್ರಾಂಶದ ಅನುಕೂಲಕ್ಕಾಗಿ ಲೆಕ್ಕಪತ್ರ, ಗಿರಾಕಿಗಳ ವಿವರ, ಬ್ಯಾಂಕ್ ವ್ಯವಹಾರ ಎಲ್ಲವೂ ಇರುವ ಹೊಸ ಗಣಕವನ್ನು ಹಳೆಯ ಅಪಾಯಕ್ಕೆ ಒಡ್ಡಿದಂತಾಗುತ್ತದೆ. ಮೊದಲು ವಿವರಿಸಿದ ಶೇರ್ಡ್ ಫೋಲ್ಡರ್ ದಾರಿ ಎಸ್‌ಎಂಬಿಯನ್ನು ಅವಲಂಬಿಸಿಲ್ಲವಾದ್ದರಿಂದ ಈ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಎಕ್ಸ್‌ಪಿ ತನ್ನ ಕಡತವನ್ನು ಆ ಫೋಲ್ಡರಿಗೆ ಹಾಕಲಿ, ಅಲ್ಲಿಂದ ಮುಂದಕ್ಕೆ ಅಂಗಡಿಯ ಉಳಿದ ಗಣಕಗಳಿಗೆ ಅದನ್ನು ಹೊಸ ವಿಂಡೋಸ್ ಹೊಸ ಎಸ್‌ಎಂಬಿಯ ಮೂಲಕವೇ ಹಂಚಲಿ. ಹೀಗೆ ಮಾಡಿದರೆ ಹಳೆಯದಕ್ಕೂ ಹೊಸದಕ್ಕೂ ನೇರ ಮಾತುಕತೆಯ ಅಗತ್ಯ ತಪ್ಪುತ್ತದೆ.

ಅತಿಥಿಯಾಗಿರುವುದು ಎಕ್ಸ್‌ಪಿಯಲ್ಲದೆ ವಿಂಡೋಸ್ 7 ಅಥವಾ 10 ಆಗಿದ್ದರೆ ಆವೃತ್ತಿಯ ತೊಡಕು ಬಾರದು, ಗುರುತಿನ ತೊಡಕು ಬರುತ್ತದೆ. ಸಣ್ಣ ಅಂಗಡಿಗಳ ಗಣಕಗಳಿಗೆ ಪಾಸ್‌ವರ್ಡೇ ಇಲ್ಲದಿರುವುದು ಸಾಮಾನ್ಯ. ಆದರೆ ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಆ ಗಣಕದ ಎದುರಿಗೆ ಕೂತು ಬಳಸಬಹುದೇ ಹೊರತು ನೆಟ್‌ವರ್ಕಿನಿಂದ ಬಳಸಲು ವಿಂಡೋಸ್ ತಾನಾಗಿ ಬಿಡುವುದಿಲ್ಲ. ನಾಲ್ಕಂಕಿಯ ಪಿನ್ ಇಟ್ಟುಕೊಂಡವರಿಗೆ ಇನ್ನೊಂದು ಗೊಂದಲ: ಆ ಪಿನ್ ಅದೇ ಗಣಕಕ್ಕೆ ಮಾತ್ರ ಸೀಮಿತವಾದದ್ದು, ಫೋಲ್ಡರ್ ಕೇಳುವುದು ಖಾತೆಯ ನಿಜವಾದ ಪಾಸ್‌ವರ್ಡನ್ನು, ಅದು ಬಹಳ ಜನರಿಗೆ ನೆನಪಿನಲ್ಲಿಯೇ ಇರುವುದಿಲ್ಲ. ಹೆಸರು ಪಾಸ್‌ವರ್ಡ್ ಯಾವುದೂ ಇಲ್ಲದೆ ಅನಾಮಿಕವಾಗಿ ಒಳಬರುವ ಸೌಕರ್ಯವನ್ನೂ ಮೈಕ್ರೋಸಾಫ್ಟ್ ಹಂತಹಂತವಾಗಿ ಮುಚ್ಚುತ್ತ ಬಂದಿದ್ದು, 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಗಣಕಗಳಲ್ಲಿಯೂ ಅದು ತಾನಾಗಿ ನಿಂತಿದೆ. ಜೊತೆಗೆ ಪ್ರತಿ ಸಂದೇಶಕ್ಕೂ ಗಣಕದ ಸಹಿ ಇರಲೇಬೇಕೆಂಬ ನಿಯಮವೂ ಬಂದಿರುವುದರಿಂದ ಅಗ್ಗದ ಹಳೆಯ ನೆಟ್‌ವರ್ಕ್ ಡಿಸ್ಕುಗಳು ಒಮ್ಮೆಲೇ ಕೈಕೊಟ್ಟ ಉದಾಹರಣೆಗಳುಂಟು. ಈ ಎಲ್ಲ ಕಿರಿಕಿರಿಗೂ ನೆಟ್ಟಗಿನ ಉಪಾಯವೆಂದರೆ ಹಂಚಿಕೆಗೆಂದೇ ಒಂದು ಪ್ರತ್ಯೇಕ ಸ್ಥಳೀಯ ಖಾತೆ ತೆರೆದು, ಅದಕ್ಕೆ ಪಾಸ್‌ವರ್ಡ್ ಕೊಟ್ಟು, ಎಲ್ಲ ಗಣಕಗಳಿಂದಲೂ ಅದರ ಹೆಸರಿನಲ್ಲಿಯೇ ಒಳಬರುವುದು. ಆಗಲೂ ದೋಷಸಂಖ್ಯೆ 1219 ಕಂಡರೆ, ಅದೇ ಗಣಕಕ್ಕೆ ಈಗಾಗಲೇ ಬೇರೊಂದು ಹೆಸರಿನಲ್ಲಿ ಸಂಪರ್ಕ ತೆರೆದಿದೆ ಎಂದು ತಿಳಿಯಬೇಕು; ಹಳೆಯ ಸಂಪರ್ಕವನ್ನು ಕಡಿದರೆ ಸಾಕು.

ಒಳಹೊಕ್ಕ ಮೇಲೆ ಕಡತ ಓದಲು ಬರುತ್ತದೆ, ಉಳಿಸಲು ಬರುವುದಿಲ್ಲ ಎಂಬ ದೂರಿಗೆ ಕಾರಣ ಎರಡು ಬಗೆಯ ಅನುಮತಿಗಳು. ಹಂಚಿಕೆಗೆ ಕೊಟ್ಟ ಅನುಮತಿ ಒಂದು, ಡಿಸ್ಕಿನ ಮೇಲಿರುವ ಫೋಲ್ಡರಿನ ಸ್ವಂತ ಅನುಮತಿ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದು ನಡೆಯುತ್ತದೆ. ಒಂದೇ ಡಿಸ್ಕಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದ ಕಡತ ತನ್ನ ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ, ಕಾಪಿ ಮಾಡಿದ ಕಡತ ಹೊಸ ಫೋಲ್ಡರಿನ ಅನುಮತಿಯನ್ನು ಪಡೆಯುತ್ತದೆ. ಹಂಚಿದ ಫೋಲ್ಡರಿನ ನಲವತ್ತು ಕಡತಗಳಲ್ಲಿ ಎರಡು ಮಾತ್ರ ತೆರೆಯದಿದ್ದರೆ ಆ ಎರಡನ್ನು ಯಾರೋ ಡೆಸ್ಕ್‌ಟಾಪಿನಿಂದ ಎಳೆದು ತಂದಿರುತ್ತಾರೆ ಎಂದು ಊಹಿಸಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸುವ, ಕನ್ನಡದ ಕೆಲಸದಲ್ಲಿಯೇ ವಿಶೇಷವಾಗಿ ಎದುರಾಗುವ ತೊಡಕೊಂದಿದೆ. ಹೊಸ ವಿಂಡೋಸಿನಲ್ಲಿ ಫೋಲ್ಡರಿಗೆ ‘ಲಗ್ನಪತ್ರಿಕೆ’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ಎಕ್ಸ್‌ಪಿಯೂ ಅಂಥ ಹೆಸರನ್ನು ತನ್ನ ಮಟ್ಟಿಗೆ ನಿಭಾಯಿಸಬಲ್ಲದು. ಆದರೆ ಪೇಜ್‌ಮೇಕರ್‌ನಂಥ ತಂತ್ರಾಂಶ ಹೆಸರುಗಳನ್ನು ಓದುವುದು ಯೂನಿಕೋಡ್‌ಗಿಂತ ಹಿಂದಿನ ಎಎನ್‌ಎಸ್‌ಐ ಸಂಕೇತಪಟ್ಟಿಗಳ ಮೂಲಕ, ಮತ್ತು ಆ ಪಟ್ಟಿಗಳಲ್ಲಿ ಕನ್ನಡಕ್ಕೆ ವಿಂಡೋಸ್ ಯಾವತ್ತೂ ಸ್ಥಾನ ಕೊಟ್ಟಿರಲಿಲ್ಲ. ಪರಿಣಾಮವಾಗಿ ಪೇಜ್‌ಮೇಕರ್‌ನ ‘ಓಪನ್’ ಕಿಟಕಿಯಿಂದ ಆ ಫೋಲ್ಡರಿನೊಳಗಿನ ಕಡತವನ್ನು ಆರಿಸಿದರೆ, ತಂತ್ರಾಂಶದ ಕೈಗೆ ಬರುವುದು ಅಕ್ಷರಗಳಿದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ತುಂಬಿದ ಒಂದು ಸಾಲು. ಆ ಹೆಸರಿನ ಕಡತ ಎಲ್ಲಿಯೂ ಇಲ್ಲವಾದ್ದರಿಂದ ಅದು ಕಡತ ಸಿಗಲಿಲ್ಲ ಎನ್ನುತ್ತದೆ. ಕಡತ ಕಣ್ಣೆದುರಿಗೇ ಇದೆ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ, ಪೇಜ್‌ಮೇಕರಿಗೆ ಮಾತ್ರ ಸಿಗುವುದಿಲ್ಲ. ಆಪರೇಟರ್ ಸಹಜವಾಗಿಯೇ ನೆಟ್‌ವರ್ಕನ್ನು ಶಂಕಿಸಿ ರಿಪೇರಿಯವರನ್ನು ಕರೆಸುತ್ತಾರೆ, ಅವರು ಕೇಬಲ್ ಬದಲಿಸುತ್ತಾರೆ. ದೇವನಾಗರಿಯಲ್ಲಿ ಹೆಸರಿಟ್ಟ ಮರಾಠಿ ಕಡತಗಳಿಗೂ ಇದೇ ಗತಿ. ಹಂಚಿಕೆಯ ಫೋಲ್ಡರಿನಿಂದ ಕಡತದವರೆಗಿನ ಇಡೀ ದಾರಿಯಲ್ಲಿ ರೋಮನ್ ಅಕ್ಷರಗಳೂ ಅಂಕಿಗಳೂ ಮಾತ್ರ ಇರುವಂತೆ, ಹೆಸರುಗಳು ಚಿಕ್ಕವಾಗಿರುವಂತೆ ನೋಡಿಕೊಳ್ಳುವುದು ಒಂದೇ ಉಪಾಯ. ಕನ್ನಡ ಅಕ್ಷರಗಳನ್ನೇ ಅಚ್ಚುಮಾಡುವ ತಂತ್ರಾಂಶಕ್ಕೆ ಕನ್ನಡದ ಹೆಸರು ಓದಲು ಬಾರದಿರುವುದು ಆ ಕಾಲದ ಫಾಂಟುಗಳ ಸ್ವಭಾವವನ್ನು ಬಲ್ಲವರಿಗೆ ಅಚ್ಚರಿಯೆನಿಸದು.

ಲಿನಕ್ಸ್ ಅತಿಥಿಗಳ ವಿಷಯ ಸ್ವಲ್ಪ ಬೇರೆ. 1998ರಲ್ಲಿ ಸ್ಥಾಪನೆಯಾಗಿ ಬೆಳಗಾವಿಯ ಮಚ್ಛೆಯ ಬಳಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವವರು ವಿಂಡೋಸಿನ ಒಳಗೆ ಲಿನಕ್ಸನ್ನು ವರ್ಚುವಲ್ ಆಗಿ ನಡೆಸುವುದು ಈಗ ಸಾಮಾನ್ಯ. ಅಲ್ಲಿಯೂ ಸಂದೇಶಗಳು ಅಷ್ಟೇ ದಾರಿ ತಪ್ಪಿಸುವಂಥವು. ಹಳೆಯ ನೆಟ್‌ವರ್ಕ್ ಡಿಸ್ಕೊಂದನ್ನು ಜೋಡಿಸಲು ಹೋದಾಗ ದೋಷ 112, ಎದುರಿನ ಗಣಕ ನಿಂತಿದೆ ಎಂದು ಬಂದರೆ, ಆ ಗಣಕ ಆರಾಮಾಗಿ ನಡೆಯುತ್ತಿದ್ದು ಎಸ್‌ಎಂಬಿಯ ಆವೃತ್ತಿ ಮಾತ್ರ ಹೊಂದಿರುವುದಿಲ್ಲ. 2017ರಲ್ಲಿ ಲಿನಕ್ಸಿನ ಕರ್ನಲ್ 4.13 ತನ್ನ ಮೊದಲ ಆಯ್ಕೆಯನ್ನು ಎಸ್‌ಎಂಬಿ 1ರಿಂದ 3ಕ್ಕೆ ಬದಲಿಸಿಕೊಂಡಿತು. ವರ್ಚುವಲ್‌ಬಾಕ್ಸಿನ ಶೇರ್ಡ್ ಫೋಲ್ಡರ್ ಕಂಡರೂ ಅನುಮತಿಯಿಲ್ಲ ಎಂದರೆ, ಬಳಕೆದಾರರ ಹೆಸರನ್ನು ವಿಬಾಕ್ಸ್‌ಎಸ್‌ಎಫ್ ಎಂಬ ಗುಂಪಿಗೆ ಸೇರಿಸಿ ಒಮ್ಮೆ ಹೊರಬಂದು ಮತ್ತೆ ಒಳಹೋಗಬೇಕು. ಹೊರಬರದೆ ಸೇರ್ಪಡೆ ಜಾರಿಗೆ ಬರುವುದಿಲ್ಲ ಎಂಬುದು ಬಹಳ ಜನ ಮರೆಯುವ ಅಂಶ. ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹಳೆಯ ಯಂತ್ರಗಳನ್ನು ನಿಯಂತ್ರಿಸುವ ಹಳೆಯ ವಿಂಡೋಸ್ ಗಣಕಗಳಿಗೂ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ, ಅಲ್ಲಿ ಪಣಕ್ಕಿಡುವ ಮೊತ್ತ ಮಾತ್ರ ದೊಡ್ಡದು.

ಕೊನೆಗೆ ಉಳಿಯುವುದು ದೂರದ ಪ್ರಶ್ನೆ. ಖಾನಾಪುರದಲ್ಲಿ ಅಕ್ಷರಜೋಡಣೆ, ಬೆಳಗಾವಿಯಲ್ಲಿ ಆಫ್‌ಸೆಟ್ ಮುದ್ರಣ ಎಂಬ ಏರ್ಪಾಡಿರುವಲ್ಲಿ, ಅಂಗಡಿಯೊಳಗೆ ನಡೆಯುವ ಹಂಚಿಕೆ ಎರಡು ಊರುಗಳ ನಡುವೆಯೂ ಏಕೆ ನಡೆಯಬಾರದು ಎಂದು ಅನ್ನಿಸುವುದು ಸಹಜ. ಎಸ್‌ಎಂಬಿಯನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದು ವಾನಾಕ್ರೈಯಂಥ ದಾಳಿಗೆ ಆಹ್ವಾನವಾದ್ದರಿಂದ, ವಿಂಡೋಸಿನ ಫೈರ್‌ವಾಲ್ ಖಾಸಗಿ ಜಾಲದಲ್ಲಿಯೂ ಸ್ಥಳೀಯ ಗಣಕಗಳಿಗಷ್ಟೇ ಹಂಚಿಕೆಯನ್ನು ತೆರೆಯುತ್ತದೆ. ರೂಟರಿನಲ್ಲಿ 445ನೆಯ ಪೋರ್ಟನ್ನು ಹೊರಗಿನವರಿಗೆ ತೆರೆದುಕೊಡುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬಾರದು. ಎರಡು ಊರುಗಳ ಗಣಕಗಳನ್ನು ಒಂದೇ ಜಾಲದಲ್ಲಿರುವಂತೆ ಗೂಢಲಿಪಿಯ ಸುರಂಗದಿಂದ ಜೋಡಿಸುವ ವಿಪಿಎನ್ ದೊಡ್ಡ ಸಂಸ್ಥೆಗಳಿಗೆ ಸರಿ, ಮೂರು ಗಣಕಗಳ ಅಂಗಡಿಗೆ ಅದರ ನಿರ್ವಹಣೆಯೇ ಹೊರೆ. ಮುದ್ರಣಾಲಯಕ್ಕೆ ಪೇಜ್‌ಮೇಕರ್ ಕಡತ ಬೇಕಾಗುವುದು ತಿದ್ದಬೇಕಾದಾಗ ಮಾತ್ರ. ಅಚ್ಚಿಗೆ ಸಾಕಾಗುವುದು ಪಿಡಿಎಫ್. ಆದ್ದರಿಂದ ಎಕ್ಸ್‌ಪಿಯೊಳಗೇ ಫಾಂಟುಗಳನ್ನು ಒಳಸೇರಿಸಿ ಪಿಡಿಎಫ್ ಮಾಡಿ, ಶೇರ್ಡ್ ಫೋಲ್ಡರಿನ ಮೂಲಕ ಹೊರಗಿನ ವಿಂಡೋಸಿಗೆ ದಾಟಿಸಿ, ಅಲ್ಲಿಂದ ಇಮೇಲ್ ಅಥವಾ ವಾಟ್ಸ್‌ಆಪಿನಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ, ನುಡಿ ಫಾಂಟು ಇಲ್ಲದ ಗಣಕದಲ್ಲಿಯೂ ವಧೂವರರ ಹೆಸರು ಸರಿಯಾಗಿ ಕಾಣುತ್ತದೆ. ಫೋಟೋ ರೂಪದಲ್ಲಿ ಕಳುಹಿಸಿದರೆ ಮಾತ್ರ ವಾಟ್ಸ್‌ಆಪ್ ಅದನ್ನು ಕುಗ್ಗಿಸುತ್ತದೆ, ಅಂಥದ್ದು ಅಚ್ಚಿನಲ್ಲಿ ಮಸುಕಾಗುತ್ತದೆ.